ತಾತ ಬಿಚ್ಚಿದ ಗಂಟುಗಳು

ಬೆಳಿಗ್ಗೆ ಹೂ ಮಾರುವವಳ ಬುಟ್ಟಿಯಿಂದ ಒದ್ದೆ ಬಾಳೆನಾರಿನ ವಾಸನೆ ಬಂತು. ಬೇರೆಯವರಿಗೆ ಮಲ್ಲಿಗೆ ನೆನಪಾಗಬಹುದು, ನನಗೆ ಸಿಟ್ಟು ಬರುತ್ತದೆ.

ನಾನು ಚಿಕ್ಕವಳಿದ್ದಾಗ ನಮ್ಮೂರು ಓಡೈಪಟ್ಟಿಯ ದ್ರಾಕ್ಷಿ ಚಪ್ಪರದಡಿ ಅಜ್ಜಿ ಅದೇ ನಾರಿನಿಂದ ಬಳ್ಳಿಗಳನ್ನು ತಂತಿಗೆ ಕಟ್ಟುತ್ತಿದ್ದಳು. ತಾತ ಹಿಂದಿನಿಂದ ಬಂದು ಕೂಲಿಯವರೆದುರೇ ಬಿಚ್ಚುತ್ತಿದ್ದ. ಅವನ ಕಣ್ಣಿಗೆ ಒಂದು ಗಂಟೂ ಸರಿಯಿರುತ್ತಿರಲಿಲ್ಲ.

ನನಗೆ ಜ್ವರ ಬಂದ ದಿನ ಅಜ್ಜಿ, “ಕೂಸಿಗೆ ಮೈ ಸುಡ್ತದೆ, ಉತ್ತಮಪಾಳಯದ ಡಾಕ್ಟರತ್ರ ಹೋಗಿ ಬತ್ತೀನಿ” ಅಂದಳು.

ತಾತ ಆಗಲೇ ಒಂದು ಸಾಲು ಬಿಚ್ಚಿದ್ದ. “ಇದನ್ನ ನಿಮ್ಮಪ್ಪ ಬಂದು ಕಟ್ತಾನಾ? ಕಟ್ಬುಟ್ಟು ಹೋಗು.”

ನನ್ನನ್ನು ನೆರಳಲ್ಲಿ ಮಲಗಿಸಿ ಅವಳು ಕಟ್ಟಿದಳು. ಅವನು ಮತ್ತೆ ಬಿಚ್ಚಿದ. ಬಸ್ಸು ಹೋದ ಸದ್ದು ನಮ್ಮಿಬ್ಬರಿಗೂ ಕೇಳಿಸಿತು. ಸಂಜೆ ಅವಳು ನನ್ನನ್ನು ಹೊತ್ತು ಅಷ್ಟೂ ದೂರ ನಡೆದಳು.

ನಿನ್ನೆ ಮನೆಯವರ ಗ್ರೂಪಿನಲ್ಲಿ ಚಿಕ್ಕಮ್ಮ ಅಜ್ಜಿ ತಾತನ ಫೋಟೋ ಹಾಕಿ, “ಗಂಡ ಹೆಂಡತಿ ಅಂದರೆ ಇವರ ಥರ ಬಾಳಬೇಕು” ಎಂದು ಬರೆದಿದ್ದಾರೆ. ಚಿಕ್ಕಮ್ಮ, ಒಂದು ದಿನ ನೀವು ಹಾಗೆ ಬಾಳಿ ತೋರಿಸಿ.

ಈಗ ನನ್ನ ಮಗುವಿಗೆ ಜ್ವರ. ಮೂರು ದಿನದಿಂದ ನನಗೆ ನಿದ್ದೆಯಿಲ್ಲ. ಇವತ್ತು ಡಾಕ್ಟರ ಹತ್ತಿರ ಹೊರಟರೆ ಗಂಡ, “ಅಡುಗೆ ಮುಗಿಸಿಬಿಟ್ಟು ಹೋಗು” ಅಂದ. ಒಲೆ ಆರಿಸಿ ಹೊರಟುಬಂದೆ. ಇದನ್ನು ಮಕ್ಕಳ ಡಾಕ್ಟರ ಬಾಗಿಲಲ್ಲಿ ಕೂತು ಬರೆಯುತ್ತಿದ್ದೇನೆ. ಮುಂದಿನ ಟೋಕನ್ ನಮ್ಮದು.