ತಲೆಯ ಮೇಲಿನ ಮಂಗಳೂರು

ನಮ್ಮ ಅತ್ತಾವರದ ಮನೆಯಲ್ಲಿ ಬೆಳಿಗ್ಗೆ ಕಣ್ಣು ಬಿಟ್ಟರೆ ಮೊದಲು ಕಾಣುತ್ತಿದ್ದುದು ಊರಿನ ಹೆಸರು. ಹಂಚಿನ ಒಳಮೈಗೆ ಇಂಗ್ಲಿಷಿನಲ್ಲಿ ಅಚ್ಚೊತ್ತಿದ ‘ಮಂಗಳೂರು’, ಸಾಲಿಗೆ ಸಾಲು. ನನ್ನ ತಂಗಿ ಇಂಗ್ಲಿಷ್ ಅಕ್ಷರ ಕಲಿತದ್ದೇ ಚಾಪೆಯ ಮೇಲೆ ಅಂಗಾತ ಮಲಗಿ.

ಹಂಚು ಸೋದರಮಾವನದು. ಮನೆಯ ಯಜಮಾನರು ಅವರೇ. ಅವರ ಸಣ್ಣ ಕಾರ್ಖಾನೆ ನೇತ್ರಾವತಿಯ ಆಚೆ, ಉಳ್ಳಾಲದ ಕಡೆ ಇತ್ತು. ತಣ್ಣೀರು ಸ್ನಾನ, ತುಳಸಿಗೆ ನೀರು, ಗಂಜಿ, ಆಮೇಲೆ ದೋಣಿ. ಈ ಕ್ರಮ ಒಂದು ದಿನವೂ ತಪ್ಪಿದ್ದಿಲ್ಲ. ನಾವೂ ಅದಕ್ಕೆ ಸರಿಯಾಗಿ ಏಳಬೇಕಿತ್ತು.

ಆಗ ಹೊರಗಿನ ಬಂದರುಗಳಲ್ಲಿ ವ್ಯಾಪಾರಿಗಳು ಹಂಚನ್ನು ಮಗುಚಿ, ಮಂಗಳೂರಿನ ಹೆಸರು ನೋಡಿಯೇ ಕೊಳ್ಳುತ್ತಿದ್ದರು. ಹೊಳೆಯಾಚೆ ಸುಟ್ಟ ಹಂಚಿಗೆ ಆ ಹೆಸರು ಹಾಕಬಾರದೆಂದು ಪೇಟೆಯ ದೊಡ್ಡ ಕಾರ್ಖಾನೆಯೊಂದು ತಕರಾರು ತೆಗೆಯಿತು. ಇಬ್ಬರಿಗೂ ಒಂದೇ ಹೊಳೆಯ ಮಣ್ಣು, ತರುವ ದೋಣಿಯವರೂ ಅವರೇ ಎಂದು ಮಾವ ವಾದಿಸಿದರು. ದೊಡ್ಡ ಕಾರ್ಖಾನೆಯ ವಕೀಲರು ಜಗ್ಗಲಿಲ್ಲ. ಕೋರ್ಟು ಹತ್ತಿದರೆ ಕಾರ್ಖಾನೆಯೇ ಮುಳುಗುತ್ತದೆಂದು ಮಾವ ರಾಜಿಗೆ ಬಂದರು. ಅಚ್ಚಿನಿಂದ ಹೆಸರು ತೆಗೆಯಬೇಕು, ಹೆಸರಿರುವ ಹಂಚು ಮಾರಬಾರದು.

ಸುಟ್ಟು ಪೇರಿಸಿಟ್ಟಿದ್ದ ಹಂಚು ಹಾಗೇ ಉಳಿಯಿತು. ಒಡೆದು ಹಾಕುತ್ತಾರೆಂದು ನಾವು ಎಣಿಸಿದ್ದೆವು. ಮಾವ ಅದನ್ನು ದೋಣಿಗೆ ಹೇರಿಸಿ ಈಚೆ ತಂದರು. ಅಲ್ಲಿಯವರೆಗೆ ನಮ್ಮ ಮಾಡಿಗೆ ಮುಳಿಹುಲ್ಲಿನ ಹೊದಿಕೆ. ಹಂಚಿನವನ ಮನೆಗೆ ಹುಲ್ಲೆಂದು ನೆರೆಯವರು ನಗುತ್ತಿದ್ದರು. ಹುಲ್ಲು ಇಳಿಯಿತು, ಹಂಚು ಕೂರಿಸಲು ಹೊಸ ರೀಪು ಬಂತು. ಮನೆಯವರೆಲ್ಲ ಸಾಲಾಗಿ ನಿಂತು ಕೈಯಿಂದ ಕೈಗೆ ಹಂಚು ದಾಟಿಸಿದೆವು. ಅಂಗೈ ವಾರಗಟ್ಟಲೆ ಕೆಂಪಾಗಿತ್ತು.

ಸುದ್ದಿ ಮುಟ್ಟಿ ದೊಡ್ಡ ಕಾರ್ಖಾನೆಯ ಮೇನೇಜರು ಬಂದರು. ಅಮ್ಮ ಕ್ರಮದಂತೆ ಬೆಲ್ಲ, ನೀರು ತಂದಿಟ್ಟರು. ಅವರು ಬೆಲ್ಲ ಮುಟ್ಟದೆ ಮೇಲೆ ನೋಡಿದರು.

“ಇದೆಂತ ಮಾರಾಯ್ರೇ, ರಾಜಿ ಆಗಿತ್ತಲ್ಲ?”

“ಮಾರಬಾರದು ಅಂತ ಆದದ್ದು. ನಾನು ಮಾರ್ಲಿಲ್ಲ, ತಲೆ ಮೇಲೆ ಇಟ್ಟುಕೊಂಡಿದ್ದೇನೆ,” ಎಂದರು ಮಾವ. “ಇದು ಮಂಗಳೂರಿನದ್ದಲ್ಲ ಅಂತ ನಿಮ್ಮ ವಕೀಲರು ಹೇಳಿದ್ರು. ಈಗ ನೋಡಿ, ಮಂಗಳೂರಿನಲ್ಲೇ ಉಂಟು. ಬೆಲ್ಲ ತಗೊಳ್ಳಿ.”

ಮೇನೇಜರಿಗೆ ನಗು ತಡೆಯಲಾಗಲಿಲ್ಲ. ಬೆಲ್ಲ ತಿಂದು, ನೀರು ಕುಡಿದು, ಮಾಡು ಸೋರುತ್ತದೆಯೇ ಎಂದು ಕೇಳಿ ಹೋದರು.

ಮಾವ ಆಮೇಲೆ ಹೆಸರಿಲ್ಲದ ಹಂಚನ್ನೇ ಸುಟ್ಟರು. ಅದು ಹಡಗು ಹತ್ತಲಿಲ್ಲ. ಸುತ್ತಲಿನ ಹಳ್ಳಿಗಳಿಗೆ ಮಾತ್ರ ಹೋಗುತ್ತಿತ್ತು. ಅವರ ದಿನದ ಕ್ರಮದಲ್ಲಿ ಏನೂ ಬದಲಾಗಲಿಲ್ಲ. ಆದಿತ್ಯವಾರ ಊಟವಾದ ಮೇಲೆ ಚಾವಡಿಯಲ್ಲಿ ಅಂಗಾತ ಮಲಗುವುದೊಂದು ಹೊಸತಾಗಿ ಸೇರಿತು. ನಿದ್ದೆ ಮಾಡುತ್ತಾರೆಂದು ನಾವು ಸದ್ದಿಲ್ಲದೆ ಓಡಾಡುತ್ತಿದ್ದೆವು. ಹತ್ತಿರ ಹೋದರೆ ಕಣ್ಣು ತೆರೆದೇ ಇರುತ್ತಿತ್ತು.