ಹೊಸದರಲ್ಲಿ ಶುಭ, ಹಳೆಯದರಲ್ಲಿ ಲಾಭ

ಹೊಸ ವಿಡಿಯೋ ಗೇಮ್ ಮಾರಿ ಬದುಕಿದವರನ್ನು ನಾನಂತೂ ಕಂಡಿಲ್ಲ. ಗುಜರಾತಿಗೆ ಬಂದು ವಸ್ತ್ರಾಪುರ ಕೆರೆಯ ಹತ್ತಿರ ಅಂಗಡಿ ತೆರೆದ ಕೆಲವೇ ದಿನಗಳಲ್ಲಿ ಈ ಜ್ಞಾನೋದಯವಾಗಿತ್ತು. ನಾಲ್ಕು ಸಾವಿರದ ಡಿಸ್ಕ್ ಮಾರಿದರೆ ಡೀಲರನ ಪಾಲು, ತೆರಿಗೆ, ಗಿರಾಕಿಯ ಚೌಕಾಸಿ ಎಲ್ಲ ಕಳೆದು ನನಗೆ ಉಳಿಯುತ್ತಿದ್ದುದು ಎರಡು ಮಸಾಲೆ ದೋಸೆಯ ದುಡ್ಡು. ದೋಸೆಯ ಲೆಕ್ಕ ಏಕೆಂದರೆ, ಇದೇ ಊರಿನಲ್ಲಿ ಉಡುಪಿ ಹೋಟೆಲು ನಡೆಸುವ ನನ್ನ ಅಣ್ಣ ಎಲ್ಲವನ್ನೂ ದೋಸೆಯಲ್ಲೇ ಅಳೆಯುವವನು.

ನನ್ನನ್ನು ಬದುಕಿಸಿದ್ದು ಹಳೆಯ ಆಟಗಳು. ಆಡಿ ಮುಗಿಸಿದವರಿಂದ ಅರ್ಧ ಬೆಲೆಗೆ ಕೊಂಡು, ಒರೆಸಿ, ಹೊಸದಕ್ಕಿಂತ ತುಸು ಕಡಿಮೆಗೆ ಮಾರುವುದು. ನಡುವಿನದೆಲ್ಲ ನನ್ನದೇ. ಗುಜರಾತಿನ ಅಂಗಡಿಗಳಲ್ಲಿ ಗಣಪತಿಯ ಎಡಬಲಕ್ಕೆ ‘ಶುಭ’, ‘ಲಾಭ’ ಎಂದು ಬರೆದಿರುತ್ತಾರೆ. ಇಬ್ಬರೂ ಅವನ ಮಕ್ಕಳಂತೆ. ನನ್ನಲ್ಲಿ ಆ ಅಣ್ಣತಮ್ಮಂದಿರು ಪಾಲಾಗಿದ್ದರು: ಹೊಸ ಆಟದಲ್ಲಿ ಶುಭ, ಹಳೆಯದರಲ್ಲಿ ಲಾಭ.

ಅಣ್ಣನಿಗೆ ಇದು ಹೇಸಿಗೆ. “ತಿಂದ ದೋಸೆ ವಾಪಸ್ ತಕೊಂಡು ಇನ್ನೊಬ್ಬರಿಗೆ ಬಡಿಸುವುದಾ? ಎಂತ ವ್ಯಾಪಾರ ಮಾರಾಯ ನಿಂದು!”

“ನಿನ್ನ ದೋಸೆ ಒಂದೇ ಸಲ ಲಾಭ ಕೊಡ್ತದೆ. ನಂದು ಹೋಗಿ ಬಂದಷ್ಟು ಸಲ,” ಎಂದು ನಾನು ಬೀಗುತ್ತಿದ್ದೆ.

ಹಾಗೆ ಬೀಗುವ ಧೈರ್ಯ ಕೊಟ್ಟವರು ಹೇತಲ್‌ಬೆನ್. ಬ್ಯಾಂಕಿನ ಉದ್ಯೋಗಿ, ಐವತ್ತು ದಾಟಿದವರು. ಇಸ್ತ್ರಿ ಮುರಿಯದ ಕಾಟನ್ ಸೀರೆಯಲ್ಲಿ ಬಂದು ರಾಕ್ಷಸರನ್ನು ಕೊಲ್ಲುವ ಆಟಗಳನ್ನೇ ಕೇಳುವವರು. ಹೊಸತು ಕೊಂಡು, ವಾರದೊಳಗೆ ಆ ಕುಲವನ್ನೇ ಮುಗಿಸಿ, ಡಿಸ್ಕನ್ನು ನನಗೇ ಮಾರಿಹೋಗುವರು. ಅವರಂಥ ಕೆಲವರಿಂದಲೇ ಬಾಡಿಗೆ ಹುಟ್ಟುತ್ತಿತ್ತು.

ಕಳೆದ ಚಳಿಗಾಲದಲ್ಲಿ ಅವರು ಚೀಲ ತುಂಬ ಡಿಸ್ಕ್ ತಂದು ಮೇಜಿನ ಮೇಲಿಟ್ಟರು. ಮಗಳು ಕೊಡಿಸಿದ ಹೊಸ ಯಂತ್ರಕ್ಕೆ ಡಿಸ್ಕ್ ತೂರಿಸುವ ಬಾಯಿಯೇ ಇಲ್ಲವಂತೆ. ಆಟವೆಲ್ಲ ಇಂಟರ್ನೆಟ್ಟಿನಿಂದಲೇ ಇಳಿಯುತ್ತದಂತೆ. ಹಾಗೆ ಇಳಿದದ್ದನ್ನು ಮರಳಿ ಮಾರುವಂತೆಯೂ ಇಲ್ಲ. ಅಂಥ ಡಿಸ್ಕುಗಳು ನನ್ನ ಕಪಾಟಿನಲ್ಲೇ ಕೇಳುವವರಿಲ್ಲದೆ ಕೂತಿದ್ದವು. ಬೆಲೆ ಹೇಳಲಾರದೆ ಒಂದೊಂದನ್ನೇ ಬೆಳಕಿಗೆ ಹಿಡಿದು ಗೀರು ಹುಡುಕಿದೆ. ಒಂದರಲ್ಲೂ ಗೀರಿರಲಿಲ್ಲ.

“ರಹೇವಾ ದೋ, ಭಾಯಿ,” ಇರಲಿ ಬಿಡಿ ಎಂದರು ಅವರು. ದುಡ್ಡು ಬೇಡವೆಂದು ಕೈಯಾಡಿಸಿ, ಖಾಲಿ ಚೀಲ ಮಡಿಸಿಕೊಂಡು ಹೊರಟುಹೋದರು. ನಷ್ಟದ ವ್ಯಾಪಾರ ನನಗೆ ಗೊತ್ತು. ಬಿಡಿಗಾಸು ಕೊಡದೆ ಬಂದ ಸರಕು ಅಷ್ಟು ಹೆದರಿಸುತ್ತದೆಂದು ಗೊತ್ತಿರಲಿಲ್ಲ.

ಹೋಳಿಯ ಹೊತ್ತಿಗೆ ಅಂಗಡಿ ಖಾಲಿ ಮಾಡಿದೆ. ಗುಜರಿಯವನಿಗೆ ಇಲ್ಲಿ ‘ಭಂಗಾರ್‌ವಾಲಾ’ ಎನ್ನುತ್ತಾರೆ. ಊರಿಗೆ ಬಂದ ಹೊಸದರಲ್ಲಿ ಆ ಕೂಗು ಕೇಳಿ, ಈ ರಾಜ್ಯದಲ್ಲಿ ಚಿನ್ನವನ್ನೂ ತಳ್ಳುಗಾಡಿಯಲ್ಲಿ ಮಾರುತ್ತಾರೆಂದುಕೊಂಡವನು ನಾನು. ಅವನು ತಕ್ಕಡಿ ಹಿಡಿದು ಬರುವಾಗ ಡಿಸ್ಕುಗಳನ್ನು ಎರಡು ರಾಶಿ ಮಾಡಿಟ್ಟಿದ್ದೆ: ಒಂದು ಹಳೆಯವು, ಇನ್ನೊಂದು ಡೀಲರ್ ವಾಪಸು ಪಡೆಯದ, ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದ ಹೊಸವು.

“ಯೇ ನಯಾ ಹೈ. ಅಲಗ್ ತೋಲೋ,” ಇದು ಹೊಸತು, ಬೇರೆಯಾಗಿ ತೂಗು ಎಂದೆ.

“ಸಬ್ ಏಕ್ ಹೀ ಭಾವ್, ಸಾಬ್,” ಎಲ್ಲಕ್ಕೂ ಒಂದೇ ದರ ಎನ್ನುತ್ತ ಅವನು ಎರಡನ್ನೂ ಒಂದೇ ಗೋಣಿಗೆ ಸುರಿದ.

ಹೊಸದಕ್ಕೂ ಹಳೆಯದಕ್ಕೂ ನಡುವೆ ಇದ್ದ ಸಂದಿನಲ್ಲೇ ನಾನು ಸಂಸಾರ ಹೂಡಿದ್ದೆ, ಮಕ್ಕಳನ್ನು ಓದಿಸಿದ್ದೆ. ಆ ಸಂದು ಕಣ್ಣೆದುರೇ ಮುಚ್ಚಿಕೊಂಡಿತು. ವಸ್ತು ಬಳಸಿದರೆ ಹಳತಾಗುತ್ತದೆ ಎಂದು ನಂಬಿ ಅಷ್ಟೂ ವರ್ಷ ಬೆಲೆ ಕಟ್ಟಿದವನು ನಾನು. ಯಾರೂ ಮುಟ್ಟದೆ ಹಾಗೇ ಬಿಟ್ಟರೂ ಹಳತಾಗುತ್ತದೆ.