ಬಾಷಾ ಸಾಬರ ಕರೆಂಟ್ ಗಿಟಾರು

ತಮ್ಮ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ, ಕೆಟ್ಟ ಮೋಟಾರನ್ನು ಬಿಚ್ಚುವ ಮೊದಲು ಬಾಷಾ ಸಾಬರು ಅದನ್ನೊಮ್ಮೆ ಓಡಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. “ಕರಿ ಎರಡರಾಗೆ ನರಳ್ತೈತೆ. ಬೇರಿಂಗ್ ಹೋಗೈತ್ರಿ” ಎನ್ನುತ್ತಿದ್ದರು. ಬಿಚ್ಚಿದರೆ ಬೇರಿಂಗೇ ಹೋಗಿರುತ್ತಿತ್ತು. ಕರಿ ಎರಡು ಎಂದರೆ ಹಾರ್ಮೋನಿಯಂನ ಎರಡನೇ ಕಪ್ಪು ಮನೆಯ ಸ್ವರ ಎಂದು ಚಳ್ಳಕೆರೆಯ ಆ ಸಾಲಿನಲ್ಲಿ ತಿಳಿದಿದ್ದವನು, ಎದುರಿನ ಬಟ್ಟೆ ಅಂಗಡಿಯ ನಾನೊಬ್ಬನೇ.

ನಮ್ಮದು ಮೂರೇ ಜನರ ಪಾರ್ಟಿ. ಸಾಬರ ಕಟ್ಟಿಗೆ ಗಿಟಾರು, ನನ್ನ ಹಾರ್ಮೋನಿಯಂ, ಮೊಳಕಾಲ್ಮೂರಿನ ಓಬಯ್ಯನ ಢೋಲಕ್ಕು. ಮದುವೆ, ನಿಶ್ಚಿತಾರ್ಥ ಎಂದು ಸುತ್ತೂರಿಗೆಲ್ಲ ಹೋಗುತ್ತಿದ್ದೆವು. ಮೈಕಿಲ್ಲ, ಗದ್ದಲವಿಲ್ಲ. ಬೀಗರು ಮಾತು ನಿಲ್ಲಿಸಿದಾಗ ನಾವು ಕೇಳಿಸುತ್ತಿದ್ದೆವು.

ತೊಂಬತ್ತರ ದಶಕದ ನಡುವೆ ಯಾವಾಗಲೋ, ಊರಿನ ಮಿಲ್ಲಿಗೆ ಎಣ್ಣೆ ತುಂಬಲು ಬಂದ ಲಾರಿ ಡ್ರೈವರೊಬ್ಬ ಸಾಬರ ಅಂಗಡಿಯಲ್ಲಿ ಒಂದು ಫಾರಿನ್ ಕ್ಯಾಸೆಟ್ ಬಿಟ್ಟುಹೋದ. ಹಾಡಿನ ಒಂದಕ್ಷರವೂ ನಮಗೆ ತಿಳಿಯಲಿಲ್ಲ. ಸಾಬರು ಮಾತ್ರ ಮೂರು ದಿನ ಅದಕ್ಕೇ ಅಂಟಿಕೊಂಡರು.

“ಶಿವಣ್ಣೋರೆ, ಈ ನನ್ಮಗ ತಂತಿ ಬಾರಿಸ್ತಿಲ್ಲ ಕಣ್ರಿ. ಎಳೆದೆಳೆದು ಅಳಿಸ್ತಾ ಅವ್ನೆ. ನಾವೂ ಅಳಿಸ್ಬೇಕು.”

“ಮದ್ವೆ ಮನ್ಯಾಗೆ ಯಾರನ್ನ ಅಳಿಸ್ತೀರಿ ಸಾಬ್ರೇ?”

“ಅರೆ, ಹೆಣ್ಣು ಕಳಿಸೋ ಹೊತ್ತು ಐತಲ್ರಿ!”

ಕರೆಂಟ್ ಗಿಟಾರು ಕೊಳ್ಳುವ ಮಾತೇ ಬರಲಿಲ್ಲ. “ಮೋಟಾರಿಗೆ ಸುತ್ತೋನಿಗೆ ಗಿಟಾರಿಗೆ ಸುತ್ತಕ್ಕೆ ಬರಲ್ವಾ?” ಎಂದು ಹಳೆಯ ಸ್ಪೀಕರಿನಿಂದ ಮ್ಯಾಗ್ನೆಟ್ ಕಿತ್ತರು. ಕೂದಲಿನಷ್ಟು ಸಣ್ಣ ತಾಮ್ರದ ತಂತಿಯನ್ನು ಬಾಯಲ್ಲಿ ಎಣಿಸುತ್ತಾ ಸುತ್ತಿದರು. ಯಾರಾದರೂ ಸಲಾಂ ಎಂದರೆ ಲೆಕ್ಕ ತಪ್ಪುತ್ತಿತ್ತು, ಎಲ್ಲ ಬಿಚ್ಚಿ ಮತ್ತೆ ಒಂದರಿಂದ ಶುರು. ಕೊನೆಗೆ ಅದನ್ನು ಗಿಟಾರಿನ ತಂತಿಗಳ ಕೆಳಗೆ ಕೂರಿಸಿ, ಆಂಪ್ಲಿಫೈಯರಿಗೆ ಸಿಕ್ಕಿಸಿ ಒಂದು ಸಲ ಮೀಟಿದರು. ನನ್ನ ಅಂಗಡಿಯ ಗಿರಾಕಿ ಕೈಲಿದ್ದ ಸೀರೆ ಬಿಟ್ಟಳು. ಓಬಯ್ಯ ತನ್ನ ತೆಲುಗಿನಲ್ಲಿ “ಏಂದಪ್ಪಾ ಇದಿ!” ಎಂದು ಢೋಲಕ್ಕಿನ ಹಿಂದೆ ಸರಿದ.

ಜನಕ್ಕೆ ಹುಚ್ಚು ಹಿಡಿಯಿತು. ನನಗೆ ಮಾತ್ರ ಕಷ್ಟ ಶುರುವಾಯಿತು. ಆ ಅಬ್ಬರದಲ್ಲಿ ನನ್ನ ಹಾರ್ಮೋನಿಯಂ ನನಗೇ ಕೇಳಿಸುತ್ತಿರಲಿಲ್ಲ. ಮೈಕ್ ಇಟ್ಟರೆ ಅದು ಗಿಟಾರನ್ನೇ ಎಳೆದುಕೊಂಡು ಕುಯ್ ಎನ್ನುತ್ತಿತ್ತು. ಬಿ.ಜಿ. ಕೆರೆಯ ಮದುವೆಯೊಂದರಲ್ಲಿ ಸಾಬರಿಗೆ ಸನ್ನೆ ಮಾಡಿ ಹೇಳಿದೆ, ಕೇಳಿಸ್ತಿಲ್ಲ ಎಂದು. “ಜೋರಾಗಿ ಒತ್ರಿ!” ಎಂದು ಕೂಗಿದರು. ನಾನೂ ಹಟಕ್ಕೆ ಬಿದ್ದು ತಿದಿ ಒತ್ತಿದೆ, ಒತ್ತಿದೆ, ಅದು ಬುಸ್ಸೆಂದು ಹರಿಯಿತು. ಸಾಬರು ನಗು ತಡೆಯಲಾರದೆ, “ನಮ್ ಶಿವಣ್ಣೋರ ಟೈರ್ ಪಂಚರ್!” ಎಂದು ಮೈಕಿನಲ್ಲೇ ಸಾರಿದರು. ಚಪ್ಪರವೆಲ್ಲ ನಕ್ಕಿತು. ನನ್ನ ಮೈ ಉರಿದುಹೋಯಿತು. ಮಾರನೆಯ ದಿನದಿಂದ ಪಾರ್ಟಿ ಬಿಟ್ಟೆ, ಮಾತೂ ಬಿಟ್ಟೆ. ಎದುರುಬದುರು ಅಂಗಡಿಯಲ್ಲಿ ಕೂತು ನಾಲ್ಕು ವರ್ಷ ಮುಖ ತಿರುಗಿಸಿಕೊಳ್ಳುವುದು ಸುಲಭದ ಕೆಲಸವಲ್ಲ, ಕತ್ತು ನೋಯುತ್ತದೆ.

ಮಾತು ಬಿಟ್ಟರೂ ಕೇಳುವ ಚಪಲ ಬಿಡಲಿಲ್ಲ. ಪರಶುರಾಂಪುರಕ್ಕೊಮ್ಮೆ, ಮೊಳಕಾಲ್ಮೂರಿಗೆ ಎರಡು ಸಲ, ಸಂಬಂಧವೇ ಇಲ್ಲದವರ ಮದುವೆಗೆ ಹೋಗಿ ತಲೆಗೆ ಟವೆಲ್ ಹೊದ್ದು ಹಿಂದೆ ನಿಂತೆ. ನಿಜ ಹೇಳುತ್ತೇನೆ, ಚೆನ್ನಾಗಿತ್ತು. ಎದೆಯೊಳಗೇ ಬಾರಿಸಿದಂತಿತ್ತು. ಹೆಣ್ಣು ಕಳಿಸುವ ಹೊತ್ತಿಗೆ ಅವರು ತಂತಿ ಎಳೆದರೆ ಗಂಡಿನ ಕಡೆಯವರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಆದರೆ ಚರಣ ಮುಗಿದು ಪಲ್ಲವಿಗೆ ಮರಳುವ ಮುಂಚೆ, ಮೊದಲು ನಾನು ನುಡಿಸುತ್ತಿದ್ದ ಜಾಗ ಬಂದಾಗ, ಸಾಬರು ಕೈ ನಿಲ್ಲಿಸುತ್ತಿದ್ದರು. ಬರೀ ಢೋಲಕ್ಕು ನಡೆಯುತ್ತಿತ್ತು. ಇಷ್ಟು ಸದ್ದು ಮಾಡುವವರಿಗೆ ಅಷ್ಟು ತುಂಬಿಸಲು ಬರುವುದಿಲ್ಲವೇ ಎಂದು ನಾನು ಒಳಗೇ ಆಡಿಕೊಳ್ಳುತ್ತಿದ್ದೆ.

ಈಗ ಸಾಬರಿಲ್ಲ. ರಾಯದುರ್ಗದ ಮಗಳ ಮನೆಯಲ್ಲಿ ತೀರಿಕೊಂಡರೆಂದು ಓಬಯ್ಯ ಬಂದು ಹೇಳಿದ. ಆ ನಾಲ್ಕು ವರ್ಷದ ಕೊನೆಗೆ, ಅಲ್ಲಿಗೆ ಹೊರಡುವ ಮುನ್ನ ಅಂಗಡಿ ಖಾಲಿ ಮಾಡಿ, ನೇರ ನನ್ನ ಅಂಗಡಿಗೆ ಬಂದು ಕೂತಿದ್ದರು. ಇಬ್ಬರೂ ಟೀ ಕುಡಿದೆವು. ನಾನೇ ಬಾಯಿ ಬಿಟ್ಟೆ.

“ಮೂರು ಸಲ ಕೇಳಕ್ಕೆ ಬಂದಿದ್ದೆ ಸಾಬ್ರೇ.”

“ಗೊತ್ರಿ. ಟವೆಲ್ ಹೊದ್ಕಂಡ್ರೆ ಗೊತ್ತಾಗಲ್ವಾ?”

“ಚರಣ ಆದ್ಮೇಲೆ ಯಾಕೆ ಕೈ ನಿಲ್ಲಿಸ್ತಿದ್ರಿ?”

“ಅದು ನಿಮ್ ಜಾಗ ಅಲ್ವೇನ್ರಿ. ಬರ್ತೀರಾ ಅಂತ ಬಿಟ್ಟಿದ್ದೆ.”

“ಎಷ್ಟು ದಿನ ಬಿಟ್ರಿ?” ಎಂದೆ.

“ಕೊನೇ ಮದ್ವೆ ತನ್ಕ.”